ಸಹಾಯ ಬೇಕು: ಆಳದ ಪ್ರವಾಹದಲ್ಲಿ ಬಿಟ್ಟ ಕಣಗಳು ನಿಂತುಬಿಡುತ್ತಿವೆ

ಎಲ್ಲರಿಗೂ ನಮಸ್ಕಾರ. ಕೆನಡಾ ಮತ್ತು ಗ್ರೀನ್‌ಲ್ಯಾಂಡ್ ನಡುವಿನ ಲ್ಯಾಬ್ರಡಾರ್ ಸಮುದ್ರದ ತಣ್ಣನೆ ನೀರು ಆಳದಲ್ಲಿ ದಕ್ಷಿಣಕ್ಕೆ ಯಾವ ದಾರಿ ಹಿಡಿಯುತ್ತದೆ ಅಂತ ನೋಡಲು, ಕಾಲು ಡಿಗ್ರಿ ಚೌಕಗಳ ಗ್ರಿಡ್ ಇರುವ ಕಂಪ್ಯೂಟರ್ ಸಾಗರ ಮಾಡೆಲ್‌ನಿಂದ ನೀರಿನ ತಿಂಗಳ ಸರಾಸರಿ ವೇಗ ತಗೊಂಡು 1500 ಮೀಟರ್ ಆಳದಲ್ಲಿ ಕಾಲ್ಪನಿಕ ಕಣಗಳನ್ನು ಬಿಟ್ಟಿದ್ದೇನೆ. ಒಂದು ಕಣ 40 ದಿನ ಚೆನ್ನಾಗಿ ಹೋಗಿ, ಮಾಡೆಲ್‌ನ ಮೆಟ್ಟಿಲಿನಂಥ ಸಮುದ್ರತಳದ ಮೂಲೆಯಲ್ಲಿ ಸುಮ್ನೆ ನಿಂತುಬಿಟ್ಟಿತು. ಉಳಿದವೆಲ್ಲ ಖಂಡದ ಅಂಚಿಗೇ ಅಂಟಿಕೊಂಡು ಹೋಗುತ್ತಿವೆ.

ಆದರೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಲ್ಲಿ ಬಿಟ್ಟ ನಿಜವಾದ ಫ್ಲೋಟ್‌ಗಳಲ್ಲಿ (ಆಳದಲ್ಲಿ ನೀರಿನ ಜೊತೆ ತೇಲಿ ಹೋಗುವ ಉಪಕರಣಗಳು) ಜಾಸ್ತಿ ಪಾಲು, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿಯ ಆಳವಿಲ್ಲದ ಪ್ರದೇಶವಾದ ಗ್ರ್ಯಾಂಡ್ ಬ್ಯಾಂಕ್ಸ್ ಹತ್ತಿರ ಅಂಚು ಬಿಟ್ಟು ನಡುಸಮುದ್ರಕ್ಕೆ ಹೋಗಿದ್ದವು! ಸರಾಸರಿಯಲ್ಲಿ ಸುಳಿಗಳೆಲ್ಲ ಅಳಿಸಿಹೋಗುವುದೇ ಕಾರಣ ಅಂತ ನನ್ನ ಅನಿಸಿಕೆ, ಅಲ್ವಾ? ತಿಂಗಳ ಬದಲು 5 ದಿನದ ಸರಾಸರಿ ಡೇಟಾ ಸಾಕಾ, ಇಲ್ಲ ಗ್ರಿಡ್ಡನ್ನೂ ಸಣ್ಣದು ಮಾಡಬೇಕಾ? ತಳಕ್ಕೆ ಅಂಟುವ ಕಣಗಳನ್ನು ನೀವು ಹೇಗೆ ಬಿಡಿಸುತ್ತೀರಿ? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ, ಈ ದಾರಿ ಸರಿಯಾಗಿ ಕಾಣಲೇಬೇಕು ನನಗೆ.