ಪದಚರ್ಚೆ: ಕಾಂಪ್ಯಾಕ್ಷನ್ ‘ನಿಧಾನ’ವಾಗಿದೆ ಎಂದರೆ ಕನ್ನಡದಲ್ಲಿ ಏನರ್ಥ?

ಬಲ್ಲ ಮಿತ್ರರಿಗೆ ನಮಸ್ಕಾರ.

ಡೇಟಾಬೇಸ್ ನೋಡಿಕೊಳ್ಳುವ ತಂಡಕ್ಕಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಅದರ ಒಂದು ಅಧ್ಯಾಯದ ತಲೆಬರಹ ಕರಡಿನಲ್ಲಿ ಹೀಗಿದೆ: ‘ವಿತರಿತ ದತ್ತಸಂಚಯದಲ್ಲಿ ಮಂದಗತಿಯ ಹಿನ್ನೆಲೆ ಸಾಂದ್ರೀಕರಣದ ಶ್ರುತೀಕರಣ’. ಒಂದೊಂದು ಪದವನ್ನೂ ಯಾವುದಾದರೂ ನಿಘಂಟು ತೋರಿಸಿ ಸಮರ್ಥಿಸಬಹುದು. ಸಾಲನ್ನು ಒಟ್ಟಾಗಿ ಓದಿದರೆ ಮಾತ್ರ ಏನೂ ತಿಳಿಯುವುದಿಲ್ಲ. ರಾತ್ರಿ ಪಾಳಿಯಲ್ಲಿ ಕುಳಿತವರು ಇದನ್ನು ನಂಬಿ ಸರ್ವರ್‌ಗೆ ಕೈ ಹಾಕಿದರೆ ಮಾಡಬಾರದ್ದನ್ನು ಮಾಡುವ ಸಂಭವವೂ ಇದೆ. ಪದಕ್ಕೆ ಪದ ಕೂಡಿಸುವ ಚಪಲದಿಂದ ಬರೆಯುತ್ತಿಲ್ಲ. ಅರ್ಥ ತಪ್ಪಿದರೆ ಕೆಲಸ ತಪ್ಪುವ ಜಾಗ ಇದು.

ಕರಡು ‘ಸಾಂದ್ರೀಕರಣ’ ಎಂದಿರುವುದು ಕಾಂಪ್ಯಾಕ್ಷನ್ ಎಂಬ ಕೆಲಸಕ್ಕೆ. ಹೆಚ್ಚಿನವರಿಗೆ ವಿಷಯ ಹೊಸದಿರಬಹುದಾದ್ದರಿಂದ ಮೊದಲು ಆ ಕೆಲಸ ಏನೆಂದು ಹೇಳುತ್ತೇನೆ. ನಮ್ಮ ಡೇಟಾಬೇಸ್ ಕಸಾಂಡ್ರಾ. ಫೇಸ್‌ಬುಕ್‌ನಲ್ಲಿ ಅವಿನಾಶ್ ಲಕ್ಷ್ಮಣ್ ಮತ್ತು ಪ್ರಶಾಂತ್ ಮಲಿಕ್ ರೂಪಿಸಿದ್ದು, 2008ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದದ್ದು. ಇದರಲ್ಲಿ ಬರೆದ ದತ್ತಾಂಶ ಮೊದಲು ಒಂದು ದಾಖಲೆ ಕಡತಕ್ಕೂ ಸ್ಮೃತಿಯಲ್ಲಿರುವ (ಅಂದರೆ ಕಂಪ್ಯೂಟರಿನ ಮೆಮೊರಿಯಲ್ಲಿರುವ) ಮೆಮ್‌ಟೇಬಲ್ ಎಂಬ ಪಟ್ಟಿಗೂ ಹೋಗುತ್ತದೆ. ಮೆಮ್‌ಟೇಬಲ್ ತುಂಬಿದಾಗ ಅದು ಕೀಲಿಗಳ ಕ್ರಮದಲ್ಲಿ ಜೋಡಿಸಿದ ಒಂದು ಕಡತವಾಗಿ ಡಿಸ್ಕಿಗೆ ಇಳಿಯುತ್ತದೆ. ಆ ಕಡತದ ಹೆಸರು ಎಸ್‌ಎಸ್‌ಟೇಬಲ್. ಒಮ್ಮೆ ಇಳಿದದ್ದನ್ನು ಮತ್ತೆ ತಿದ್ದುವಂತಿಲ್ಲ. ಒಬ್ಬ ಗ್ರಾಹಕರ ವಿಳಾಸ ಮೂರು ಸಲ ಬದಲಾದರೆ ಮೂರು ಕಡತಗಳಲ್ಲಿ ಮೂರು ವಿಳಾಸಗಳು ಉಳಿಯಬಹುದು. ಓದುವಾಗ ಎಲ್ಲವನ್ನೂ ತಡಕಿ, ಕಾಲಮುದ್ರೆ ನೋಡಿ, ಕೊನೆಯದನ್ನು ಆರಿಸಬೇಕು. ಕಡತಗಳು ಹೆಚ್ಚಿದಷ್ಟೂ ಓದು ಭಾರವಾಗುತ್ತದೆ. ಆದ್ದರಿಂದ ಆಗಾಗ ಕೆಲವು ಕಡತಗಳನ್ನು ಒಟ್ಟಿಗೆ ತೆರೆದು, ಹೋಲಿಸಿ, ಹೊಸ ಬೆಲೆಯನ್ನು (ಅಂದರೆ ದಾಖಲಾದ ಮೌಲ್ಯವನ್ನು) ಉಳಿಸಿ, ಹಳತನ್ನೂ ಅಳಿಸಿದ್ದನ್ನೂ ಬಿಟ್ಟು, ಹೊಸ ಕಡತವೊಂದನ್ನು ಬರೆದು, ಹಳೆಯ ಕಡತಗಳನ್ನು ತೆಗೆದುಹಾಕುತ್ತಾರೆ. ಇದೇ ಕಾಂಪ್ಯಾಕ್ಷನ್.

ಇಂಗ್ಲಿಷ್ ಪದವೇ ಅಷ್ಟು ನೆಟ್ಟಗಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಗೂಗಲ್‌ನವರು 2006ರಲ್ಲಿ ತಮ್ಮ ಬಿಗ್‌ಟೇಬಲ್ ಎಂಬ ದತ್ತಾಂಶ ವ್ಯವಸ್ಥೆಯ ಬಗ್ಗೆ ಪ್ರಕಟಿಸಿದ ಪ್ರಬಂಧದಲ್ಲಿ ಮೆಮ್‌ಟೇಬಲ್ ಅನ್ನು ಡಿಸ್ಕಿಗೆ ಇಳಿಸುವುದನ್ನೇ ‘ಮೈನರ್ ಕಾಂಪ್ಯಾಕ್ಷನ್’ ಎಂದರು. ಅದೇ ದಾರಿಯಲ್ಲಿ ಬಂದ ಎಚ್‌ಬೇಸ್ ಎಂಬ ಡೇಟಾಬೇಸ್‌ನಲ್ಲಿ ‘ಮೈನರ್ ಕಾಂಪ್ಯಾಕ್ಷನ್’ ಎಂದರೆ ಈಗಾಗಲೇ ಇಳಿದಿರುವ ಕೆಲವು ಕಡತಗಳನ್ನು ಕೂಡಿಸುವುದು. ಒಂದೇ ಹೆಸರು, ಎರಡು ಕೆಲಸ. ಹಾಗಾಗಿ ‘ಮೂಲಕ್ಕೆ ನಿಷ್ಠವಾಗಿರಿ’ ಎಂಬ ಉಪದೇಶ ಇಲ್ಲಿ ನಡೆಯದು. ಯಾವ ಮೂಲಕ್ಕೆ?

ಈಗ ‘ಸಾಂದ್ರೀಕರಣ’ಕ್ಕೆ ಬರುತ್ತೇನೆ. ಸಾಂದ್ರ ಗಂಧಕಾಮ್ಲ ಎಂದು ಶಾಲೆಯಲ್ಲಿ ಓದಿದವರಿಗೆ ಇದು ಗಟ್ಟಿಗೊಳಿಸುವುದು, ನೀರಿನಂಶ ತೆಗೆಯುವುದು. ಸಿ.ಡಿ.ಯನ್ನು ಸಾಂದ್ರಮುದ್ರಿಕೆ ಎಂದವರೂ ಇದ್ದರು, ಅಡಕಮುದ್ರಿಕೆ ಎಂದವರೂ ಇದ್ದರು. ಅಲ್ಲಿಯೂ ಚಿಕ್ಕ ಜಾಗದಲ್ಲಿ ಹೆಚ್ಚು ತುಂಬುವ ಅರ್ಥವೇ. ರಸ್ತೆ ಕೆಲಸದವರ ‘ದಿಮ್ಮಸು’, ಅಂದರೆ ಮಣ್ಣು ಹಾಕಿ ಬಡಿದು ಕೂರಿಸುವುದು, ಕೇಳಲು ಸೊಗಸಾದ ಪದ. ಇಂಗ್ಲಿಷಿನ ಮೂಲಾರ್ಥಕ್ಕೆ ಅದೇ ಹೆಚ್ಚು ಹತ್ತಿರ ಎಂದು ಗೆಳೆಯರೊಬ್ಬರು ವಾದಿಸಿದರು. ಹತ್ತಿರವಿದೆ, ಆದ್ದರಿಂದಲೇ ಬೇಡ ಎಂದು ನನ್ನ ಮಾತು. ಈ ಪದಗಳೆಲ್ಲ ‘ಒತ್ತು, ಕುಗ್ಗಿಸು’ ಎನ್ನುತ್ತವೆ. ಕುಗ್ಗಿಸುವ ಕೆಲಸ ಕಸಾಂಡ್ರಾದಲ್ಲಿ ಬೇರೆಯೇ ಇದೆ, ಅದರ ಇಂಗ್ಲಿಷ್ ಹೆಸರು ಕಂಪ್ರೆಷನ್. ಎಲ್‌ಜೆಡ್4 ಮುಂತಾದ ವಿಧಾನಗಳಲ್ಲಿ ಅದು ನಡೆಯುತ್ತದೆ, ಅದರ ಸೆಟ್ಟಿಂಗ್ ಪ್ರತ್ಯೇಕ. ‘ಸಂಕುಚನ’ವನ್ನು ನಾವು ಅದಕ್ಕೆ ಕೊಟ್ಟಾಗಿದೆ. ಸಾಂದ್ರೀಕರಣ, ಸಂಕುಚನ ಎರಡನ್ನೂ ಒಂದೇ ಪುಟದಲ್ಲಿ ಕಂಡ ಓದುಗರು ಗೊಂದಲಗೊಂಡರೆ ತಪ್ಪು ಅವರದಲ್ಲ.

ಗೊಂದಲ ಅಲ್ಲಿಗೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಡಿಸ್ಕ್ ತುಂಬುತ್ತಾ ಬಂದಿದೆ ಎಂದುಕೊಳ್ಳಿ. ಸಾಂದ್ರೀಕರಣ ಎಂದರೆ ಕುಗ್ಗಿಸುವುದು ಎಂದು ತಿಳಿದವರು ಏನು ಮಾಡುತ್ತಾರೆ? ಜಾಗ ಸಿಗಲಿ ಎಂದು ಎಲ್ಲ ಕಡತಗಳನ್ನೂ ಒಟ್ಟಿಗೆ ಸಾಂದ್ರೀಕರಿಸಲು ಆಜ್ಞೆ ಕೊಡುತ್ತಾರೆ. ಹೊಸ ಕಡತ ಪೂರ್ತಿ ಬರೆದು ಮುಗಿಯುವವರೆಗೆ ಹಳೆಯವು ಅಳಿಯುವುದಿಲ್ಲ. ಗಾತ್ರ ನೋಡಿ ಕೂಡಿಸುವ ಸೈಜ್‌ಟಿಯರ್ಡ್ ಪದ್ಧತಿಯಲ್ಲಿ ದೊಡ್ಡ ಕಡತಗಳ ಸರದಿ ಬಂದಾಗ, ಇರುವ ದತ್ತಾಂಶದಷ್ಟೇ ಖಾಲಿ ಜಾಗ ಬೇಕಾಗಬಹುದು. ಡಿಸ್ಕಿನ ಅರ್ಧವನ್ನು ಖಾಲಿ ಬಿಡಿ ಎಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ. ಹೀಗೆ ಜಾಗ ಉಳಿಸಲು ಹೊರಟವರು ಇದ್ದ ಜಾಗವನ್ನೂ ಕಳೆದುಕೊಳ್ಳುತ್ತಾರೆ. ಈ ಒಂದು ಕಾರಣಕ್ಕೆ ‘ಸಾಂದ್ರೀಕರಣ’ವನ್ನು ನಾನು ಒಪ್ಪಲಾರೆ, ಎಷ್ಟು ಪಾರಿಭಾಷಿಕ ಪಟ್ಟಿಗಳಲ್ಲಿ ಅದು ಕೂತಿದ್ದರೂ.

ನನ್ನ ಮುಂದೆ ಉಳಿದಿರುವುದು ಎರಡು ಪದ. ಒಂದು, ‘ಕ್ರೋಡೀಕರಣ’. ತಾಲ್ಲೂಕುಗಳಿಂದ ಬಂದ ಮಾಹಿತಿಯನ್ನು ಜಿಲ್ಲಾ ಕಚೇರಿಯಲ್ಲಿ ಕ್ರೋಡೀಕರಿಸಿದರು ಎನ್ನುತ್ತೇವೆ. ಹಲವು ಕಡೆಯದನ್ನು ಕ್ರಮಕ್ಕೆ ತಂದು ಒಂದು ಮಾಡುವ ಅರ್ಥ ಸ್ಪಷ್ಟವಾಗಿದೆ, ಕಚೇರಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತಿದೆ. ಕೊರತೆ ಎಂದರೆ, ಕ್ರೋಡೀಕರಿಸಿದ ಮೇಲೂ ಮೂಲ ವರದಿಗಳು ಫೈಲಿನಲ್ಲಿ ಇರುತ್ತವೆ, ಇಲ್ಲಿ ಇರುವುದಿಲ್ಲ. ಇನ್ನೊಂದು, ‘ಪರಿಷ್ಕರಣೆ’. ಮತದಾರರ ಪಟ್ಟಿಯ ಪರಿಷ್ಕರಣೆಯನ್ನು ನೆನೆಯಿರಿ: ಸೇರ್ಪಡೆಗಳು ಮುಖ್ಯ ಪಟ್ಟಿಯೊಳಗೆ ಬರುತ್ತವೆ, ಎರಡೆರಡು ಕಡೆ ಇದ್ದ ಹೆಸರು ಒಂದಾಗುತ್ತದೆ, ತೀರಿಕೊಂಡವರ ಹೆಸರು ಹೋಗುತ್ತದೆ, ಹೊಸ ಪಟ್ಟಿ ಬಂದ ಮೇಲೆ ಹಳೆಯದಕ್ಕೆ ಬೆಲೆಯಿಲ್ಲ. ಕೆಲಸದ ಬಗೆಗೆ ಇದಕ್ಕಿಂತ ಹತ್ತಿರದ ಬಳಕೆ ನನಗೆ ಸಿಕ್ಕಿಲ್ಲ. ಆದರೆ ವೇತನ ಪರಿಷ್ಕರಣೆ, ಪಠ್ಯ ಪರಿಷ್ಕರಣೆ ಎಂದಾಗ ಒಳಗಿನ ವಿಷಯವೇ ಬದಲಾಗುತ್ತದೆ. ಕಾಂಪ್ಯಾಕ್ಷನ್ ಯಾವ ಬೆಲೆಯನ್ನೂ ಬದಲಿಸುವುದಿಲ್ಲ. ನನ್ನ ಒಲವು ಸದ್ಯಕ್ಕೆ ಕ್ರೋಡೀಕರಣದ ಕಡೆ. ‘ವಿಲೀನ’ವನ್ನೂ ಕೆಲವರು ಸೂಚಿಸಿದರು. ಬ್ಯಾಂಕುಗಳ ಸುದ್ದಿಯಿಂದ ಅದು ಎಲ್ಲರಿಗೂ ಪರಿಚಿತವಾದರೂ ಒಂದು ಇನ್ನೊಂದರಲ್ಲಿ ಕರಗುವ ಚಿತ್ರ ಕೊಡುತ್ತದೆ; ಇಲ್ಲಿ ಯಾವ ಹಳೆಯ ಕಡತವೂ ಉಳಿದು ಇನ್ನೊಂದನ್ನು ನುಂಗುವುದಿಲ್ಲ.

‘ಹಿನ್ನೆಲೆ’ ಇನ್ನೊಂದು ಕಿರಿಕಿರಿ. ‘ಮಳೆಯ ಹಿನ್ನೆಲೆಯಲ್ಲಿ ಶಾಲೆಗಳಿಗೆ ರಜೆ’ ಎಂದು ಪತ್ರಿಕೆಗಳು ಬರೆದು ಬರೆದು ಆ ಪದಕ್ಕೆ ‘ಕಾರಣದಿಂದ’ ಎಂಬ ಅರ್ಥ ಗಟ್ಟಿಯಾಗಿ ಅಂಟಿದೆ. ‘ಕ್ರೋಡೀಕರಣದ ಹಿನ್ನೆಲೆಯಲ್ಲಿ ಓದು ನಡೆಯುತ್ತಿತ್ತು’ ಎಂದರೆ ಯಾವುದು ಮುಂದೆ, ಯಾವುದು ಹಿಂದೆ? ‘ತೆರೆಮರೆಯಲ್ಲಿ’ ಎಂದರೆ ರಾಜಕೀಯದ ವಾಸನೆ. ಕೈಪಿಡಿಯಲ್ಲಿ ‘ತಾನಾಗಿ ನಡೆಯುವ ಕ್ರೋಡೀಕರಣ’ ಎಂದು ಬರೆದು, ಕೈಯಿಂದ ಆಜ್ಞೆ ಕೊಟ್ಟು ಮಾಡಿಸುವುದನ್ನು ಬೇರೆ ಹೇಳಿದರೆ ಸಾಕೆನಿಸುತ್ತದೆ. ‘ವಿತರಿತ’ವನ್ನಂತೂ ಕೈಬಿಟ್ಟಿದ್ದೇನೆ. ‘ಹಲವು ಸರ್ವರ್‌ಗಳಲ್ಲಿ ಹರಡಿದ ಡೇಟಾಬೇಸ್’ ಎಂದರೆ ಉದ್ದವಾದರೂ ಯಾರೂ ಪಡಿತರ ಚೀಟಿ ಹಿಡಿದು ಬರುವುದಿಲ್ಲ.

ನನ್ನ ಮುಖ್ಯ ಪ್ರಶ್ನೆ ಇರುವುದು ‘ನಿಧಾನ’ದಲ್ಲಿ. ಕನ್ನಡದ ನಿಧಾನಕ್ಕೆ ಎರಡು ಮುಖ. ‘ನಿಧಾನಸ್ಥ’ ಎಂದರೆ ಹೊಗಳಿಕೆ; ‘ಬಸ್ಸು ನಿಧಾನ’ ಎಂದರೆ ದೂರು. ಇಂಗ್ಲಿಷಿನವರು ‘ಸ್ಲೋ ಕಾಂಪ್ಯಾಕ್ಷನ್’ ಎಂದು ಬರೆಯುವಾಗ ಇವೆರಡನ್ನೂ ಒಂದೇ ಪದಕ್ಕೆ ತುರುಕುತ್ತಾರೆ. ವಾಸ್ತವದಲ್ಲಿ ಕಾಂಪ್ಯಾಕ್ಷನ್ ಬೇಕೆಂದೇ ನಿಧಾನ. ಗ್ರಾಹಕರ ಓದು ಬರಹಕ್ಕೆ ಡಿಸ್ಕ್ ಬಿಡುವಾಗಿರಲಿ ಎಂದು ಅದಕ್ಕೊಂದು ವೇಗಮಿತಿ ಇಟ್ಟಿರುತ್ತಾರೆ. ಕಸಾಂಡ್ರಾದಲ್ಲಿ ಹಿಂದೆ ಆ ಮಿತಿ ಸೆಕೆಂಡಿಗೆ 16 ಮೆಗಾಬೈಟ್ ಇತ್ತು, 4.0 ಆವೃತ್ತಿಯಿಂದ 64 ಆಗಿದೆ. ಇದು ಇಡೀ ನೋಡ್‌ಗೆ, ಅಂದರೆ ಡೇಟಾಬೇಸ್ ಹರಡಿರುವ ಸರ್ವರ್‌ಗಳಲ್ಲಿ ಒಂದಕ್ಕೆ, ಸೇರಿದ ಮಿತಿ. ಎಷ್ಟು ಕ್ರೋಡೀಕರಣ ಒಟ್ಟಿಗೆ ನಡೆಯಬಹುದೆಂಬುದಕ್ಕೆ ಇನ್ನೊಂದು ಸೆಟ್ಟಿಂಗ್ ಇದೆ. ನಾವೇನೂ ಹೇಳದಿದ್ದರೆ ಡಿಸ್ಕುಗಳ ಸಂಖ್ಯೆ, ಪ್ರೊಸೆಸರ್ ಕೋರ್‌ಗಳ ಸಂಖ್ಯೆ ಇವೆರಡರಲ್ಲಿ ಚಿಕ್ಕದನ್ನು ಹಿಡಿದು, 2ಕ್ಕಿಂತ ಕಡಿಮೆಯಾಗದಂತೆ 8 ಮೀರದಂತೆ ಕಸಾಂಡ್ರಾವೇ ನಿರ್ಧರಿಸುತ್ತದೆ. ಕೆಲಸ ಆಗಲೇ ವೇಗಮಿತಿಯ ಅಂಚಿನಲ್ಲಿ ನಡೆಯುತ್ತಿರುವಾಗ ಮಿತಿಯನ್ನು ಬದಲಿಸದೆ ಈ ಸಂಖ್ಯೆಯನ್ನಷ್ಟೇ ಏರಿಸಿದರೆ ಇದ್ದ 64 ಹೆಚ್ಚು ಪಾಲಾಗುತ್ತದೆ, ಒಟ್ಟು ಕೆಲಸ ಮುಂದೆ ಹೋಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಹಾಗಾದರೆ ರೋಗ ಯಾವುದು? ಹೊಸ ಕಡತಗಳು ಬರುವ ವೇಗಕ್ಕೆ ಕ್ರೋಡೀಕರಣ ಹೆಜ್ಜೆ ಹಾಕಲಾಗದೆ ಬಾಕಿ ಬೆಳೆಯುವುದು. ಕಸಾಂಡ್ರಾಕ್ಕೆ ಆಜ್ಞೆ ಕೊಡುವ ಸಾಧನವಾದ ನೋಡ್‌ಟೂಲ್‌ನಲ್ಲಿ ಕಾಂಪ್ಯಾಕ್ಷನ್‌ಸ್ಟ್ಯಾಟ್ಸ್ ಎಂದು ಕೇಳಿದರೆ ಬಾಕಿಯ ಅಂದಾಜು ಸಂಖ್ಯೆ ಬರುತ್ತದೆ. ಹಗಲು ಏರಿ ರಾತ್ರಿ ಇಳಿದರೆ ಚಿಂತೆಯಿಲ್ಲ, ಏರುತ್ತಲೇ ಹೋದರೆ ಮಾತ್ರ ಕೈ ಹಾಕಬೇಕು. ಈ ಎರಡನೆಯದಕ್ಕೆ ‘ಮಂದಗತಿ’ ಎನ್ನುವುದೇ ತಪ್ಪು, ಗತಿ ಎಷ್ಟೇ ಇದ್ದರೂ ಬಾಕಿ ಬೆಳೆಯಬಹುದು. ‘ಕ್ರೋಡೀಕರಣ ಹಿಂದೆ ಬಿದ್ದಿದೆ’ ಅಥವಾ ‘ಕ್ರೋಡೀಕರಣದ ಬಾಕಿ ಬೆಳೆಯುತ್ತಿದೆ’ ಎಂದು ನಾನು ಬರೆಯುತ್ತಿದ್ದೇನೆ. ‘ಬಾಕಿ’ಗೆ ಬದಲು ‘ಅಪೂರ್ಣ ಕಾರ್ಯಗಳು’ ಎಂದು ಸಂಪಾದಕರು ತಿದ್ದಿದ್ದಾರೆ. ಅರಬ್ಬಿಯಿಂದ ಬಂದದ್ದೆಂಬ ಕಾರಣಕ್ಕೆ ಬಾಕಿಯನ್ನು ಹೊರಗಿಡುವುದಾದರೆ ತಾಲ್ಲೂಕು, ಜಿಲ್ಲೆಗಳನ್ನೂ ಇಡಬೇಕಾದೀತು.

ವೇಗಮಿತಿ ಎಂಬ ಪದದ ಬಗ್ಗೆಯೂ ಒಂದು ಮಾತು. ಕರಡಿನಲ್ಲಿ ‘ಕಡಿವಾಣ’ ಇತ್ತು. ಭ್ರಷ್ಟಾಚಾರಕ್ಕೆ, ಅಕ್ರಮ ಮರಳು ದಂಧೆಗೆ ಕಡಿವಾಣ ಎಂದು ದಿನವೂ ಓದುವವರಿಗೆ ಕಾಂಪ್ಯಾಕ್ಷನ್ ಏನೋ ಕೇಡು ಎಂದು ಕಾಣುತ್ತದೆ. ವೇಗಮಿತಿ ರಸ್ತೆ ಫಲಕದಲ್ಲೇ ಇದೆ. ಒಂದೇ ಕೊಕ್ಕೆ: ಈ ಸೆಟ್ಟಿಂಗ್‌ನಲ್ಲಿ 0 ಎಂದು ಕೊಟ್ಟರೆ ಮಿತಿಯೇ ಇಲ್ಲ ಎಂದರ್ಥ. ‘ವೇಗಮಿತಿ 0’ ಎಂದು ಓದಿದ ಕನ್ನಡಿಗರು ಕೆಲಸ ನಿಂತಿತು ಎಂದುಕೊಳ್ಳುವುದು ಸಹಜ. ಇಲ್ಲಿ ಅದು ಎಲ್ಲೆಯಿಲ್ಲದೆ ಓಡುತ್ತದೆ, ಓದುವವರ ಡಿಸ್ಕನ್ನು ತಾನೇ ತಿನ್ನುತ್ತದೆ. ‘0 ಎಂದರೆ ಮಿತಿ ತೆಗೆದಂತೆ’ ಎಂದು ಪ್ರತಿ ಸಲವೂ ಬಿಡಿಸಿ ಬರೆಯುವುದಲ್ಲದೆ ಬೇರೆ ದಾರಿ ಇದೆಯೇ? ತಲೆಬರಹದ ‘ಶ್ರುತೀಕರಣ’ದ (ಟ್ಯೂನಿಂಗ್) ಜಾಗದಲ್ಲಿ ‘ಹದಗೊಳಿಸುವುದು’ ಎಂದು ಹಾಕಿದ್ದೇನೆ. ಅದಕ್ಕೆ ಯಾರ ತಕರಾರೂ ಬಂದಿಲ್ಲ.

ಬೇರೆ ಡೇಟಾಬೇಸುಗಳಲ್ಲಿ ನಿಧಾನಕ್ಕೆ ಮೂರನೆಯ ಅರ್ಥವೂ ಇದೆ ಎನ್ನುವುದನ್ನು ಬಿಡುವಂತಿಲ್ಲ. ಟೈಕೆವಿಯಂಥವು ಒಳಗೆ ಬಳಸುವ ರಾಕ್ಸ್‌ಡಿಬಿಯಲ್ಲಿ ಮೇಲಿನ ಸ್ತರದ, ಅಂದರೆ ಸ್ಮೃತಿಯಿಂದ ಈಗಷ್ಟೇ ಇಳಿದ, ಕಡತಗಳು 20 ಆದಾಗ ಹೊಸ ಬರಹವನ್ನೇ ನಿಧಾನಗೊಳಿಸುತ್ತಾರೆ, 36 ಆದರೆ ತಡೆಯುತ್ತಾರೆ. ಮೂಲ ಸೆಟ್ಟಿಂಗ್ ಹಾಗಿದೆ. ಅಲ್ಲಿ ಹಿಂದೆ ಬಿದ್ದದ್ದು ಕ್ರೋಡೀಕರಣ, ನಿಧಾನವಾದದ್ದು ಬರಹ. ಒಂದೇ ಪದ ಬಳಸಿದರೆ ಯಾರು ಯಾರಿಗಾಗಿ ಕಾದರು ಎಂಬುದೇ ಕಳೆದುಹೋಗುತ್ತದೆ.

ಕೊನೆಗೆ ‘ಟೂಂಬ್‌ಸ್ಟೋನ್’, ಅಂದರೆ ಗೋರಿಕಲ್ಲು. ಅಳಿಸಿದ ದತ್ತಾಂಶದ ಜಾಗದಲ್ಲಿ ಕಸಾಂಡ್ರಾ ಇಡುವ ಗುರುತಿಗೆ ಆ ಹೆಸರು. ‘ವೀರಗಲ್ಲು’ ಎಂದು ಒಬ್ಬರು ಉತ್ಸಾಹದಿಂದ ಸೂಚಿಸಿದರು. ವೀರಗಲ್ಲು ನಿಲ್ಲಿಸುವುದು ಶತಮಾನಗಳ ಕಾಲ ಉಳಿಯಲೆಂದು. ಇದು ಕೆಲವು ದಿನಗಳ ಮೇಲೆ ಹೋಗಬೇಕಾದದ್ದು. ಎಷ್ಟು ದಿನ? ಮೂಲ ಸೆಟ್ಟಿಂಗ್ 8,64,000 ಸೆಕೆಂಡು, ಅಂದರೆ ಸರಿಯಾಗಿ 10 ದಿನ. ನಮ್ಮ ತಂಡದ ಹಿರಿಯರೊಬ್ಬರು ಅದನ್ನು ‘ಸೂತಕ’ ಎಂದೇ ಕರೆಯುತ್ತಾರೆ, ಉಳಿದವರೂ ಹಾಗೇ ಅನ್ನತೊಡಗಿದ್ದಾರೆ. ನಗೆಯ ಮಾತಾದರೂ ನಿಯಮ ಹೊಂದುತ್ತದೆ: ಅಳಿಸುವಾಗ ಕೆಟ್ಟು ನಿಂತಿದ್ದ ನೋಡ್‌ಗೆ ಆ ಸುದ್ದಿ ತಲುಪಲು ಅಷ್ಟು ಕಾಲ ಕೊಟ್ಟಿರುತ್ತಾರೆ. ಅಷ್ಟರೊಳಗೆ ನೋಡ್‌ಗಳ ಪ್ರತಿಗಳನ್ನು ತಾಳೆ ನೋಡಿ ಸರಿಪಡಿಸದೆ, ಕ್ರೋಡೀಕರಣದಲ್ಲಿ ಗುರುತು ಹೋಗಿಬಿಟ್ಟರೆ, ಸತ್ತದ್ದು ಮತ್ತೆ ಎದ್ದು ಬರುತ್ತದೆ. ಅಚ್ಚಿನಲ್ಲಿ ಸೂತಕ ಹಾಕುವ ಧೈರ್ಯ ನನಗಿಲ್ಲ. ‘ಅಳಿಕೆಯ ಗುರುತು’, ‘ಗುರುತಿನ ಕಾಯುವ ಅವಧಿ’ ಎಂದು ಬರೆದಿದ್ದೇನೆ.

ಕೈಪಿಡಿಯ ಒಂದು ಪ್ಯಾರಾವನ್ನು ನಿಮ್ಮ ಪರೀಕ್ಷೆಗೆ ಇಡುತ್ತೇನೆ:

‘ಕ್ರೋಡೀಕರಣ ನಿಧಾನವಾಗಿ ನಡೆಯುವುದು ದೋಷವಲ್ಲ. ಬಾಕಿ ಇಳಿಯದೆ ಬೆಳೆಯುತ್ತಿದ್ದರೆ ಮೊದಲು ಖಾಲಿ ಜಾಗ ನೋಡಿ. ಜಾಗವಿದ್ದರೆ ವೇಗಮಿತಿಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ, ಪ್ರತಿ ಸಲವೂ ಓದಿನ ವಿಳಂಬ ಹೆಚ್ಚಿತೇ ನೋಡಿ. ನೋಡ್‌ಟೂಲ್ ಮೂಲಕ ಕೊಟ್ಟ ಮಿತಿ ನೋಡ್ ಮತ್ತೆ ಆರಂಭವಾಗುವವರೆಗೆ ಮಾತ್ರ. ಉಳಿಯಬೇಕಾದರೆ ಸೆಟ್ಟಿಂಗ್ ಕಡತದಲ್ಲಿಯೂ ಬರೆಯಿರಿ.’

ಇದನ್ನು ಓದಿದಾಗ ‘ಕ್ರೋಡೀಕರಣ’ದಿಂದ ಹಳೆಯ ಕಡತಗಳು ಹೋದವು ಎಂಬ ಅರ್ಥ ನಿಮಗೆ ಹೊಳೆಯುತ್ತದೆಯೇ, ಇಲ್ಲ ಅದನ್ನು ಬೇರೆ ಸಾಲಿನಲ್ಲಿ ಹೇಳಲೇಬೇಕೇ? ಚುನಾವಣಾ ಶಾಖೆಯಲ್ಲೋ ಕಂದಾಯ ಇಲಾಖೆಯಲ್ಲೋ ಕೆಲಸ ಮಾಡಿದವರು ಈ ಬಳಗದಲ್ಲಿ ಇದ್ದರೆ, ಹಲವು ಪಟ್ಟಿಗಳನ್ನು ಒಂದು ಮಾಡಿ ಹಳೆಯವನ್ನು ರದ್ದುಪಡಿಸುವ ಕೆಲಸಕ್ಕೆ ನಿಮ್ಮ ಮೇಜಿನಲ್ಲಿ ಒಂದೇ ಪದ ಬಳಕೆಯಲ್ಲಿ ಇತ್ತೇ ಎಂದು ದಯವಿಟ್ಟು ತಿಳಿಸಿ. ‘ಪರಿಷ್ಕರಣೆ’ಯ ಪರವಾಗಿ ವಾದಿಸುವವರಿಗೂ ಸ್ವಾಗತ, ‘ಬೆಲೆ ಬದಲಾಗುವುದಿಲ್ಲ’ ಎಂಬ ನನ್ನ ಆಕ್ಷೇಪಕ್ಕೆ ಉತ್ತರ ತಂದಿದ್ದರೆ.