ಮಗನಿಗೆ ಆಯುಧಗಳ ಹುಚ್ಚು: ಯುದ್ಧದ ಇತಿಹಾಸ ಓದಿದವರು ಅನುಭವ ಹೇಳಿ

ಮಗ ಒಂಬತ್ತನೇ ತರಗತಿ. ಯಾವ ಟ್ಯಾಂಕು ಎಷ್ಟು ಟನ್, ಯಾವ ಬಂದೂಕು ಎಷ್ಟು ದೂರ ಹೊಡೆಯುತ್ತೆ, ಎಲ್ಲ ಬಾಯಿಪಾಠ. ಊಟಕ್ಕೆ ಕೂತರೂ ಅದೇ ಮಾತು. ಓದುವ ಹುಡುಗ, ಬಯ್ಯಲು ಮನಸ್ಸಿಲ್ಲ. ಆದರೆ ಯುದ್ಧ ಅಂದರೆ ಇಷ್ಟೇ ಅಂದುಕೊಂಡುಬಿಟ್ಟಾನು ಅಂತ ಭಯ. ಇಂಥದ್ದನ್ನು ಓದಿ ನೀವು ಏನು ಕಲಿತಿರಿ? ಅವನನ್ನು ಯಾವ ದಾರಿಗೆ ಹಚ್ಚಲಿ?

ಮಂಡ್ಯದಿಂದ:

ದಯವಿಟ್ಟು ಬಯ್ಯಬೇಡಿ. ನಾನೂ ಅದೇ ಬಾಗಿಲಿಂದ ಒಳಗೆ ಬಂದವನು. ನನ್ನ ಹುಚ್ಚು ಟಿಪ್ಪುವಿನ ರಾಕೆಟ್ಟು. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರಿನ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವಲ್ಲ, ಅವನ್ನು ನೋಡಲೆಂದೇ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಗೆ ಹೋದೆ. ತುಕ್ಕು ಹಿಡಿದ ಕಬ್ಬಿಣದ ಕೊಳವೆ, ಮೊಳದಷ್ಟೂ ಉದ್ದವಿಲ್ಲ. ಇದಕ್ಕೆ ಉದ್ದನೆಯ ಬಿದಿರಿನ ಗಳು ಕಟ್ಟಿ ಹಾರಿಸುತ್ತಿದ್ದರು. ಕಾಗದದ ಕೊಳವೆಯಾದರೆ ಒಳಗಿನ ಒತ್ತಡ ತಡೆಯಲಾರದೆ ಸಿಡಿದುಹೋಗುತ್ತೆ. ಕಬ್ಬಿಣ ತಡೆಯುತ್ತೆ, ಅದಕ್ಕೇ ರಾಕೆಟ್ಟು ಅಷ್ಟು ದೂರ ಹೋಗುತ್ತಿತ್ತು. ನಮ್ಮ 'ಬಾಣಬಿರುಸು' ಎಂಬ ಮಾತಿನ ಬಾಣ ಇದೇ. ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ಟಿಗೆ ಕೈಹಾಕಿದ್ದೂ ಮೈಸೂರಿನದರ ಅನುಭವದ ಮೇಲೆಯೇ.

ಆ ಕೊಳವೆಗಳ ಮುಂದೆ ನಿಂತಾಗ ಒಂದು ಪ್ರಶ್ನೆ ಹೊಕ್ಕಿತು. ಇಂಥ ಆಯುಧ ಕೈಲಿದ್ದೂ ಶ್ರೀರಂಗಪಟ್ಟಣ ಯಾಕೆ ಬಿತ್ತು? ಉತ್ತರ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಎತ್ತುಗಳು.

1791ರ ಮೇ ತಿಂಗಳಲ್ಲಿ ಬ್ರಿಟಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಪಟ್ಟಣದ ಬಾಗಿಲಿಗೇ ಬಂದಿದ್ದ. ಅರಕೆರೆಯ ಬಳಿ ಕಾಳಗದಲ್ಲಿ ಮೇಲುಗೈಯೂ ಆಯಿತು. ಆದರೂ ವಾಪಸ್ಸು ಹೋದ. ಟಿಪ್ಪು ದಾರಿಯುದ್ದಕ್ಕೂ ಮೇವು ಸುಡಿಸಿದ್ದ, ಮಳೆ ಹಿಡಿದಿತ್ತು, ಎತ್ತುಗಳು ಸಾವಿರಗಟ್ಟಲೆ ಸತ್ತವು. ಎಳೆಯಲು ಎತ್ತಿಲ್ಲದೆ, ಕೋಟೆ ಒಡೆಯುವ ಫಿರಂಗಿಗಳನ್ನು ಬ್ರಿಟಿಷರು ತಾವೇ ನಾಶ ಮಾಡಿದರು. ಹಿಂದಿರುಗುವ ಹಾದಿಯಲ್ಲಿ ಮಿತ್ರರಾದ ಮರಾಠರ ಸೇನೆ ಎದುರಾಗಿ ಅವರ ಬಜಾರಿನಲ್ಲಿ ಧಾನ್ಯ ಸಿಕ್ಕಿದ್ದರಿಂದ ಜೀವ ಉಳಿಯಿತು. ಮುಂದಿನ ವರ್ಷ ಬಂದಾಗ ಹೇರೆತ್ತುಗಳ ಮೇಲೆ ಧಾನ್ಯ ಹೊತ್ತ ಬಂಜಾರರನ್ನು ಜೊತೆಗಿಟ್ಟುಕೊಂಡೇ ಬಂದ. 1799ರಲ್ಲೂ ಬ್ರಿಟಿಷ್ ಸೇನಾಪತಿ ಹ್ಯಾರಿಸ್‌ನ ಸೇನೆಗೆ ಅಕ್ಕಿ ಮುಗಿಯುತ್ತಾ ಬಂದಿತ್ತು. ಕಾವೇರಿ ತುಂಬುವ ಮೊದಲೇ ದಾಟಬೇಕಿತ್ತು. ಮೇ 4ರ ಮಧ್ಯಾಹ್ನ ದಾಟಿದರು.

ಟಿಪ್ಪುವಿಗೆ ಇದು ತಿಳಿಯದೆ ಇರಲಿಲ್ಲ. ಒಡೆಯರ ಕಾಲದ ಬೆಣ್ಣೆ ಚಾವಡಿಗೆ, ಅಂದರೆ ಅರಮನೆಯ ದನಗಳ ಇಲಾಖೆಗೆ, 'ಅಮೃತ ಮಹಲ್' ಎಂದು ಹೆಸರಿಟ್ಟು, ಫಿರಂಗಿ ಎಳೆಯುವ ಅಲ್ಲಿನ ಎತ್ತಿನ ತಳಿಯನ್ನು ಬೆಳೆಸಿದವನೇ ಅವನು. ಅಜ್ಜಂಪುರದ ಕಡೆ ಹೋದರೆ ಆ ದನಗಳನ್ನು ಇಂದಿಗೂ ನೋಡಬಹುದು. ನನ್ನ ಮಟ್ಟಿಗೆ ರಾಕೆಟ್ಟಿನಷ್ಟೇ ದೊಡ್ಡ ವಿಷಯ ಅದು. ಆದರೆ ನಮ್ಮ ಮಕ್ಕಳಿಗೆ ನಾವು ಹೇಳುವುದು ರಾಕೆಟ್ಟಿನ ಕಥೆ ಮಾತ್ರ.

ಮಗನ ಜೊತೆ ಕೂತು ಒಂದು ಲೆಕ್ಕ ಮಾಡಿ. 1520ರ ರಾಯಚೂರು ಯುದ್ಧಕ್ಕೆ ಕೃಷ್ಣದೇವರಾಯ 7 ಲಕ್ಷಕ್ಕೂ ಹೆಚ್ಚು ಕಾಲಾಳುಗಳನ್ನು ಕರೆದೊಯ್ದ ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ತಲೆಗೆ ದಿನಕ್ಕೆ ಅರ್ಧ ಕೆಜಿ ಧಾನ್ಯ, ಒಂದು ಹೇರೆತ್ತಿಗೆ 100 ಕೆಜಿ ಎಂದಿಟ್ಟುಕೊಳ್ಳಿ. ದಿನವೊಂದಕ್ಕೆ 3,500 ಎತ್ತಿನ ಹೊರೆ. ಕುದುರೆ, ಆನೆ, ಆ ಎತ್ತುಗಳ ಮೇವು ಬೇರೆ. ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ತಾನೇ ಮಾಡಿದ ಹುಡುಗ ಮುಂದೆ ಯಾವ ಪುಸ್ತಕದ ಅಂಕಿಯನ್ನೂ ಹಾಗೇ ನುಂಗುವುದಿಲ್ಲ.

ಫಿರಂಗಿ ದಳದಿಂದ ನಿವೃತ್ತನಾದವನು:

ಮೇಲಿನವರ ಮಾತು ಇಂದಿಗೂ ನಿಜ. ನಿಮ್ಮ ಮಗನಿಗೆ ಬೋಫೋರ್ಸ್ ಫಿರಂಗಿ ಅಂದರೆ 155 ಮಿ.ಮೀ., ಇಷ್ಟು ಕಿಲೋಮೀಟರ್ ಅಂತ ಗೊತ್ತಿರುತ್ತೆ. ಆದರೆ ಕಾರ್ಗಿಲ್ ಯುದ್ಧ ನಡೆದ ದ್ರಾಸ್ ಸಮುದ್ರಮಟ್ಟದಿಂದ 3 ಸಾವಿರ ಮೀಟರಿಗೂ ಮೇಲೆ. ಗಾಳಿ ತೆಳು, ಗುಂಡು ಬಯಲಿನ ಲೆಕ್ಕಕ್ಕಿಂತ ದೂರ ಹೋಗಿಬಿಡುತ್ತೆ. ಪುಸ್ತಕದ ಅಂಕಿ ಹಿಡಿದು ಹೊಡೆದರೆ ಗುರಿ ತಪ್ಪುತ್ತೆ, ಮೇಲೆ ಹತ್ತುತ್ತಿರುವವರು ನಮ್ಮದೇ ಹುಡುಗರು. ಇನ್ನೊಂದು: ಒಂದು ಗುಂಡು 40 ಕೆಜಿಗಿಂತ ಜಾಸ್ತಿ. ಅದನ್ನು ರಾತ್ರಿಯಿಡೀ ಎತ್ತಿ ಎತ್ತಿ ಕೊಟ್ಟವರ ಅಂಗೈ ನಾನು ನೋಡಿದ್ದೇನೆ. ಬೆಳಿಗ್ಗೆ ಚಹದ ಲೋಟ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ಅವನಿಗೆ ಇದನ್ನೂ ಹೇಳಿ.

ಸರ್ಕಾರಿ ಶಾಲೆಯ ಶಿಕ್ಷಕಿ:

ನಾನು ಹುಡುಗರನ್ನು ಮೊದಲು ವೀರಗಲ್ಲಿನ ಮುಂದೆ ನಿಲ್ಲಿಸುತ್ತೇನೆ. ನಮ್ಮಲ್ಲಿ ವೀರಗಲ್ಲಿಲ್ಲದ ಊರು ಹುಡುಕುವುದೇ ಕಷ್ಟ. ಕೆಳಗಿನ ಸಾಲಿನಲ್ಲಿ ಕಾದಾಟ, ನಡುವೆ ಅಪ್ಸರೆಯರು ಸತ್ತ ವೀರನನ್ನು ಒಯ್ಯುವುದು, ಮೇಲೆ ಕೈಲಾಸ. ಸತ್ತದ್ದು ಯಾಕೆ ಅಂತ ನೋಡಿದರೆ ಎಷ್ಟೋ ಕಲ್ಲುಗಳಲ್ಲಿ ರಾಜ್ಯ ಗೆಲ್ಲುವ ಮಾತೇ ಇಲ್ಲ. ತುರುಗೋಳು, ಊರಳಿವು, ದನ ಹೊಡೆದುಕೊಂಡು ಹೋದರು, ಬಿಡಿಸಿಕೊಳ್ಳಲು ಹೋದವನು ಸತ್ತ. ಆಯುಧದ ಬಗ್ಗೆ ಕೇಳುವ ಮಕ್ಕಳು ಅಲ್ಲಿ ಮೊದಲ ಸಲ ಆ ಮನುಷ್ಯನ ಹೆಸರು ಕೇಳುತ್ತಾರೆ.

ಬೆಂಗಳೂರಿಗೆ ಬಂದಾಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಶಾಸನ ತೋರಿಸಿ. 949ರ ತಕ್ಕೋಲದ ಯುದ್ಧ. ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದು ಅದರಲ್ಲಿದೆ. ಆ ಯುದ್ಧದಲ್ಲಿ ಕಾದಿದ ಮಣಲೇರನಿಗೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ಒಂದು ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಅಷ್ಟು ದೊಡ್ಡ ಯುದ್ಧ ಅಕ್ಷರದಲ್ಲಿದೆ. ಕಲ್ಲಿನ ಮೇಲೆ ಚಿತ್ರವಾಗಿ ಕೆತ್ತಿರುವುದು ಕಾಳಿ ಮತ್ತು ಆ ಹಂದಿ.