ಘಾಟಿ ಹತ್ತುವಾಗ ಡೀಸೆಲ್ ಕಾರು ಆಫ್ ಆಗುತ್ತಿದೆ

ಪ್ರಶ್ನೆ: ಬೆಳಿಗ್ಗೆ ಏಳೆಂಟು ಸಲ ಸೆಲ್ಫ್ ಹೊಡೆದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಹೊಸದು. ಊರೊಳಗೆ ಚೆನ್ನಾಗಿ ಓಡುತ್ತದೆ. ಮೊನ್ನೆ ಚಾರ್ಮಾಡಿ ಹತ್ತುವಾಗ ಎಷ್ಟು ಒತ್ತಿದರೂ ಪಿಕಪ್ ಇಲ್ಲ. ಜರ್ಕ್ ಹೊಡೆದು ನಿಂತೇಬಿಟ್ಟಿತು. ಹಿಂದೆ ಬಸ್ಸು, ಪಕ್ಕದಲ್ಲಿ ಮಗಳು. ಕೈಕಾಲು ನಡುಗಿತು.

ಉತ್ತರ: ಡೀಸೆಲ್ ಫಿಲ್ಟರ್ ಕಸದಿಂದ ಕಟ್ಟಿಕೊಂಡಿರಬೇಕು. ಊರಲ್ಲಿ ಕಡಿಮೆ ಡೀಸೆಲ್ ಸಾಕು. ಏರಿನಲ್ಲಿ ಜಾಸ್ತಿ ಬೇಕು, ಅದು ಬರುವುದಿಲ್ಲ ಅಲ್ವಾ? ಯಾವಾಗ ಬದಲಾಯಿಸಿದ್ದು?

ಪ್ರಶ್ನೆ ಕೇಳಿದವರು: ನೆನಪೇ ಇಲ್ಲ ಸರ್.

ಇನ್ನೊಬ್ಬರು: ಹಳೇ ಫಿಲ್ಟರಿನ ಡೀಸೆಲನ್ನು ಗಾಜಿನ ಬಾಟಲಿಗೆ ಬಗ್ಗಿಸಿ ನೋಡಿ. ನೀರಿದ್ದರೆ ತಳಕ್ಕೆ ಇಳಿಯುತ್ತದೆ. ಹೊಸದು ಹಾಕಿದ ಮೇಲೆ ಡೀಸೆಲ್ ಪೈಪಿನೊಳಗೆ ಸೇರಿದ ಗಾಳಿ ತೆಗೆಸುವುದು ಮರೆಯಬೇಡಿ.

ಪ್ರಶ್ನೆ ಕೇಳಿದವರು: ಇವತ್ತು ಹಾಕಿಸಿದೆ. ಬಾಟಲಿ ತಳದಲ್ಲಿ ಒಂದು ಬೆರಳು ನೀರು, ಕಪ್ಪು ಮಡ್ಡಿ! ಈಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಇಬ್ಬರಿಗೂ ತುಂಬ ಥ್ಯಾಂಕ್ಸ್.